ದ್ವಿಚಕ್ರ ವಾಹನವೂ ಮೂರನೆಯ ವ್ಯಕ್ತಿಯೂ

ಗೃಹಸ್ಥನು ಕೊಂಡು ತರುವ ವಸ್ತುಗಳಲ್ಲಿ ಹೆಚ್ಚಿನವು ಮನೆಯೊಳಗೇ ಇರತಕ್ಕವು. ಕಪಾಟಾಗಲಿ, ಹೊಲಿಗೆ ಯಂತ್ರವಾಗಲಿ, ಅವುಗಳಿಂದ ಒಳಿತಾದರೂ ಕೆಡುಕಾದರೂ ಅದು ಮನೆಯವರ ಪಾಲಿಗೆ. ಮೋಟಾರ್ ಸೈಕಲ್ಲು ಹಾಗಲ್ಲ. ಅದನ್ನು ಕೊಳ್ಳುವವರು ಒಬ್ಬರು, ಅದರ ಎದುರಿಗೆ ಸಿಕ್ಕುವವರು ಊರೆಲ್ಲ. ಆದುದರಿಂದ ಅದರ ಖರೀದಿಯನ್ನು ಬಣ್ಣ, ಮೈಲೇಜು, ಕಂತು ಇವಿಷ್ಟರ ವಿಚಾರವೆಂದು ತಿಳಿಯುವುದು ಸಾಲದೆಂದು ನನ್ನ ಅಭಿಪ್ರಾಯ. 2024ರ ಕೊನೆಯಲ್ಲಿ ನಮ್ಮ ಮನೆಯಲ್ಲಿ ಇಂಥದೊಂದು ಖರೀದಿ ನಡೆಯಿತು. ನಮ್ಮ ಸಮಾಜದ ಅನೇಕ ಮನೆಗಳಲ್ಲಿ ಇಂದೋ ನಾಳೆಯೋ ಇದೇ ಮಾತು ಏಳುವುದರಿಂದ ನಡೆದುದನ್ನು ತುಸು ವಿವರವಾಗಿ ನಿವೇದಿಸುತ್ತಿದ್ದೇನೆ.

ನನ್ನ ತಮ್ಮನ ಮಗಳಿಗೆ ಆಗ ಇಪ್ಪತ್ತನಾಲ್ಕು ವರ್ಷ. ಕಾರ್ಕಳದ ಸಮೀಪದ ನಮ್ಮ ಹಳ್ಳಿಯಿಂದ ಹದಿನಾರು ಕಿಲೋಮೀಟರ್ ದೂರದಲ್ಲಿ, ಸಹಕಾರಿ ಸಂಘವೊಂದರ ಶಾಖೆಯಲ್ಲಿ ಆಕೆಗೆ ಉದ್ಯೋಗ. ಬೆಳಗಿನ ಬಸ್ಸು ಸರಿಯಾಗಿದೆ. ಸಂಜೆಯ ಬಸ್ಸು ತಡ. ಚಳಿಗಾಲದಲ್ಲಿ ಆರು ಗಂಟೆ ದಾಟುತ್ತಿದ್ದಂತೆ ಸೂರ್ಯಾಸ್ತವಾಗುವುದರಿಂದ, ಮನೆ ಸೇರುವಾಗ ಊಟದ ಹೊತ್ತು ಮೀರಿರುತ್ತಿತ್ತು. ತಿಂಗಳುಗಟ್ಟಲೆ ರಾತ್ರಿ ಬರಿಯ ನೀರು ಕುಡಿದು ಮಲಗಿದ ಮೇಲೆ ಒಂದು ದಿನ ಆಕೆ, "ದೊಡ್ಡಪ್ಪ, ನಾನೊಂದು ಬೈಕು ತೆಗೆದುಕೊಳ್ಳುತ್ತೇನೆ" ಎಂದಳು. ನನ್ನಲ್ಲಿ ಹೇಳಿದ್ದು ಅಪ್ಪಣೆಗಾಗಿ ಅಲ್ಲ, ತಾಯಿಗೆ ನಾನು ಹೇಳಲಿ ಎಂದು.

ತಾಯಿಗೆ ಹೇಳುವುದು ಸುಲಭವಾಗಿರಲಿಲ್ಲ. 2010ರಲ್ಲಿ ಒಂದು ಸಂಜೆ ನನ್ನ ತಮ್ಮ ಹಾಲಿನ ಸೊಸೈಟಿಯಿಂದ ರಸ್ತೆಯ ಅಂಚಿನಲ್ಲಿ ನಡೆದು ಬರುತ್ತಿದ್ದಾಗ ಹಿಂದಿನಿಂದ ಬಂದ ಮೋಟಾರ್ ಸೈಕಲ್ಲೊಂದು ಢಿಕ್ಕಿ ಹೊಡೆಯಿತು. ಮೂರನೆಯ ದಿನ ಆಸ್ಪತ್ರೆಯಲ್ಲಿ ತೀರಿಕೊಂಡ. ಮಗಳಿಗೆ ಆಗ ಒಂಬತ್ತು ವರ್ಷ. ಬೈಕು ಓಡಿಸುತ್ತಿದ್ದ ಹುಡುಗನಿಗೆ ಆಸ್ತಿಪಾಸ್ತಿ ಏನೂ ಇರಲಿಲ್ಲ. ವಾಹನದ ವಿಮೆ ಮುಗಿದು ಎರಡು ವರ್ಷವಾಗಿತ್ತು. ದಾಖಲೆಯಲ್ಲಿದ್ದ ಹೆಸರೋ ಮೂರನೆಯವರೊಬ್ಬರದು. ಆ ಹಿರಿಯರು ಮೂರು ವರ್ಷ ಹಿಂದೆಯೇ ಬೈಕನ್ನು ಕೆಲವು ಸಾವಿರಕ್ಕೆ ಮಾರಿ, ಹೆಸರು ಬದಲಾಯಿಸದೆ ಬಿಟ್ಟಿದ್ದರು. ನೋಟೀಸು ತಲುಪಿದ ದಿನ ನಮ್ಮ ಜಗಲಿಗೆ ಬಂದು, "ಗಾಡಿ ಕೊಟ್ಟು ಮೂರು ವರ್ಷ ಆಯ್ತು ಮಾರಾಯ್ರೆ, ನನ್ನ ಹೆಸರಲ್ಲೇ ಇದೆ ಅಂತ ನನಗೆ ನೆನಪೇ ಇಲ್ಲ" ಎಂದು ತಲೆ ತಗ್ಗಿಸಿ ಕುಳಿತರು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಅವರು ಸುಳ್ಳು ಹೇಳುತ್ತಿರಲಿಲ್ಲ. ಆದರೆ ಕಾನೂನಿಗೆ ನೆನಪಿದ್ದುದು ಆರ್‌ಸಿಯಲ್ಲಿದ್ದ ಹೆಸರು ಮಾತ್ರ. ನ್ಯಾಯಮಂಡಳಿಯ ಆದೇಶವಾಗಲು ನಾಲ್ಕು ವರ್ಷ ಹಿಡಿಯಿತು. ತುಂಡು ಅಡಿಕೆ ತೋಟದ ಆದಾಯದಿಂದ ಅವರು ಪರಿಹಾರವನ್ನು ಕಂತುಕಂತಾಗಿ ಕಟ್ಟಿದರು. ನಮ್ಮ ಹುಡುಗಿಯ ಕಾಲೇಜಿನ ಶುಲ್ಕದ ಒಂದು ಪಾಲು ಆ ಕಂತುಗಳಿಂದಲೇ ಸಂದಿತು. ಇದು ಆಕೆಗೆ ಗೊತ್ತು.

ತಾಯಿ ಬೇಡವೆನ್ನಲಿಲ್ಲ. ಅಕ್ಕಿ ಆರಿಸುತ್ತಿದ್ದ ಕೈ ನಿಲ್ಲಿಸದೆ, "ಭಾವ, ಅವಳು ಬೀಳುತ್ತಾಳೆಂಬ ಹೆದರಿಕೆ ಇದ್ದೇ ಇದೆ. ಅದನ್ನು ನಾನು ತಡೆದುಕೊಂಡೇನು. ಅವಳ ಕೈಯಿಂದ ಮತ್ತೊಬ್ಬರ ಮನೆಗೆ ಇಂಥದು ಬಂದರೆ ತಡೆದುಕೊಳ್ಳಲಾರೆ" ಎಂದರು. ಈ ಮಾತಿಗೆ ನಾನು ಉತ್ತರ ಕೊಡಲಿಲ್ಲ, ಮಗಳೂ ಕೊಡಲಿಲ್ಲ. ಮುಂದಿನ ಮೂರು ತಿಂಗಳು ನಡೆದುದೆಲ್ಲ ಒಂದು ರೀತಿಯಲ್ಲಿ ಆ ಉತ್ತರವನ್ನು ಸಿದ್ಧಪಡಿಸುವ ಕೆಲಸವೇ.

ಮೊದಲು ಒಂದು ಶೋರೂಮಿಗೆ ಹೋದೆವು. ಅಲ್ಲಿನ ಯುವಕ ನೂರೈವತ್ತು ಸಿಸಿಗಿಂತ ಮೇಲಿನ ಬಂಡಿಗಳನ್ನೇ ತೋರಿಸಿದ. ಹೊಸಬರಿಗೆ ಅಷ್ಟು ಶಕ್ತಿ ಏಕೆ ಬೇಕೆಂದು ಕೇಳಿದಾಗ, ಆಮೇಲೆ ಬೇಜಾರು ಬರುತ್ತದೆ ಎಂದು ಉತ್ತರ ಬಂತು. ಬೇಜಾರು ಬರದಿರಲೆಂದು ವೇಗವನ್ನು ಕೊಂಡುಕೊಳ್ಳುವ ಕ್ರಮ ನನಗೆ ಸೇರದು. ಸ್ಕೂಟರೇ ಸಾಕು ಎಂದವರೂ ಇದ್ದರು. ಆದರೆ ನಮ್ಮ ಮನೆಯಿಂದ ಡಾಮರು ರಸ್ತೆಗೆ ಅರ್ಧ ಕಿಲೋಮೀಟರ್ ಮುರಕಲ್ಲಿನ ಕಚ್ಚಾ ದಾರಿ. ಸ್ಕೂಟರಿನ ಸಣ್ಣ ಚಕ್ರ ಹೊಂಡಕ್ಕೆ ಇಳಿಯುವಲ್ಲಿ ಬೈಕಿನ ಹದಿನೆಂಟು ಇಂಚಿನ ಚಕ್ರ ದಾಟಿಹೋಗುತ್ತದೆ. ಕೊನೆಗೆ ಪರಿಚಿತರೊಬ್ಬರ ಬಳಿಯಿದ್ದ 2019ರ ಸ್ಪ್ಲೆಂಡರ್ ಸಿಕ್ಕಿತು. ನೂರು ಸಿಸಿಗೂ ತುಸು ಕಡಿಮೆ, ನಾಲ್ಕು ಗೇರು. ಸೀಟಿನ ಮೇಲೆ ಕುಳಿತರೆ ಆಕೆಯ ಎರಡೂ ಪಾದ ನೆಲಕ್ಕೆ ತಾಗುತ್ತಿದ್ದವು. ಕಲಿಯುವವರಿಗೆ ಇದಕ್ಕಿಂತ ದೊಡ್ಡ ಅನುಕೂಲವಿಲ್ಲ. ಕಲಿಯುವಾಗ ಒಂದೆರಡು ಸಲ ಮಗುಚಿ ಬೀಳುವ ಬಂಡಿ ಹಳೆಯದಾಗಿದ್ದರೆ ಮನಸ್ಸಿಗೂ ಹಗುರ.

ಮಾರುವವರು ಸಜ್ಜನರು. "ಹೆಸರು ಬದಲಾವಣೆ ನಿಧಾನಕ್ಕೆ ಆದೀತು, ನಮ್ಮವರೇ ಅಲ್ಲವೇ?" ಎಂದರು. ನಾನು ಬಾಯಿ ತೆರೆಯುವ ಮುಂಚೆ ಹುಡುಗಿಯೇ, "ನಮ್ಮವರೆಂದೇ ಇವತ್ತು ಮಾಡೋಣ ಅಂಕಲ್. ನನ್ನಿಂದ ಏನಾದರೂ ಆದರೆ ಕಂತು ಕಟ್ಟುವವರು ನೀವಾಗುತ್ತೀರಿ" ಎಂದಳು. 29 ಮತ್ತು 30ನೆಯ ನಮೂನೆಗಳಿಗೆ ಆ ದಿನವೇ ಇಬ್ಬರ ಸಹಿಯೂ ಬಿತ್ತು. ಮೋಟಾರು ವಾಹನ ಕಾಯಿದೆಯ 50ನೆಯ ಕಲಮಿನ ಪ್ರಕಾರ ಒಂದೇ ರಾಜ್ಯದೊಳಗಿನ ಮಾರಾಟವನ್ನು ಮಾರಿದವರು ಹದಿನಾಲ್ಕು ದಿನಗಳೊಳಗೂ ಕೊಂಡವರು ಮೂವತ್ತು ದಿನಗಳೊಳಗೂ ತಿಳಿಸಬೇಕು. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಪರಿಹಾರಕ್ಕೆ ಹೊಣೆಗಾರರೆಂದು ಸುಪ್ರೀಂ ಕೋರ್ಟು 2018ರ ಫೆಬ್ರುವರಿಯಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿದೆ; ಬಂಡಿ ಎಷ್ಟು ಕೈ ಬದಲಾಯಿಸಿದ್ದರೂ ಅದು ವಿನಾಯಿತಿಯಾಗದು. ನಮ್ಮ ಬಸದಿಗಳ ಟ್ರಸ್ಟುಗಳಿಗೂ ಒಮ್ಮೊಮ್ಮೆ ವಾಹನಗಳು ದಾನವಾಗಿ ಬರುವುದುಂಟು. ಅವು ಇನ್ನೂ ದಾನಿಗಳ ಹೆಸರಿನಲ್ಲೇ ಇವೆಯೋ ಎಂಬುದನ್ನು ಆಡಳಿತ ನೋಡುವವರು ಒಮ್ಮೆ ತೆಗೆದು ನೋಡುವುದು ಒಳ್ಳೆಯದು.

ವಿಮೆಯ ವಿಚಾರದಲ್ಲೂ ಒಂದು ತೊಡಕಿತ್ತು. 2018ರ ಸೆಪ್ಟೆಂಬರ್ 1ರಿಂದ ಹೊಸ ದ್ವಿಚಕ್ರ ವಾಹನಗಳಿಗೆ ಐದು ವರ್ಷಗಳ ಥರ್ಡ್ ಪಾರ್ಟಿ ವಿಮೆ ಕಡ್ಡಾಯವಾಯಿತು. ಒಮ್ಮೆ ಕಟ್ಟಿದರೆ ಐದು ವರ್ಷ ಅದರ ಯೋಚನೆ ಬೇಡ. ಯೋಚನೆ ಬೇಡವಾದುದರಿಂದಲೇ ಆರನೆಯ ವರ್ಷ ಅದು ನೆನಪಿಗೆ ಬರುವುದಿಲ್ಲ. ಈ ಬೈಕಿನ ವಿಮೆಯೂ ಹಾಗೆ 2024ರಲ್ಲೇ ಮುಗಿದಿತ್ತು. ಬರಿಯ ಎರಡು ಫರ್ಲಾಂಗು ದೂರದ ನಮ್ಮ ಮನೆಗೂ ಅದನ್ನು ಓಡಿಸಿಕೊಂಡು ಬರಲು ಹುಡುಗಿ ಒಪ್ಪಲಿಲ್ಲ. 75ರಿಂದ 150 ಸಿಸಿಯವರೆಗಿನ ಬಂಡಿಗಳಿಗೆ 2022ರ ಜೂನಿನಲ್ಲಿ ನಿಗದಿಯಾಗಿದ್ದ ವಾರ್ಷಿಕ ದರ 714 ರೂಪಾಯಿ, ತೆರಿಗೆ ಬೇರೆ. ಅಷ್ಟನ್ನು ಕಟ್ಟಿ, ಪಾಲಿಸಿ ಕೈಗೆ ಬಂದ ಮೇಲೆ ಬಂಡಿ ಅಂಗಳ ಬಿಟ್ಟಿತು.

ಈ 'ಥರ್ಡ್ ಪಾರ್ಟಿ' ಎಂಬ ಮಾತನ್ನು ನಾವೆಲ್ಲ ದಿನವೂ ಕೇಳುತ್ತೇವೆ. ಮೊದಲನೆಯವರು ವಾಹನದ ಯಜಮಾನರು, ಎರಡನೆಯವರು ವಿಮಾ ಕಂಪೆನಿ. ಮೂರನೆಯ ವ್ಯಕ್ತಿ ಯಾರು? ನಮಗೆ ಮುಖಪರಿಚಯವಿಲ್ಲದ, ಇನ್ನೂ ಎದುರಾಗದ, ಎಂದೂ ಹಾಗೆ ಎದುರಾಗದಿರಲಿ ಎಂದು ನಾವು ಹಾರೈಸುವ ಯಾರೋ ಒಬ್ಬರು. ಅವರ ಹೆಸರಿನಲ್ಲಿ ಮುಂಗಡವಾಗಿ ಇಡುವ ಹಣ ಅದು. ತನ್ನ ಬಂಡಿಯ ಗೀರಿಗೆ ಬಣ್ಣ ಬಳಿಸುವ ವಿಮೆಯನ್ನು ಮರೆಯದೆ ಮಾಡಿಸುವವರು ಈ ಏಳುನೂರು ರೂಪಾಯಿಯನ್ನು ದಂಡದ ಹೆದರಿಕೆಗೆ ಮಾತ್ರ ಕಟ್ಟುವುದನ್ನು ನೋಡಿದ್ದೇನೆ. 2010ರಲ್ಲಿ ನಮ್ಮ ಮನೆಯೇ ಆ ಮೂರನೆಯ ವ್ಯಕ್ತಿಯಾಗಿತ್ತು.

ಇನ್ನು ಕಲಿಕೆ. ಕಲಿಕಾ ಪರವಾನಗಿ ಆರು ತಿಂಗಳು ನಡೆಯುತ್ತದೆ. ಮೂವತ್ತು ದಿನ ಕಳೆದ ಮೇಲೆ ಪಕ್ಕಾ ಪರವಾನಗಿಗೆ ಪರೀಕ್ಷೆ ಕೊಡಬಹುದು. ಮೂವತ್ತೊಂದನೆಯ ದಿನವೇ ಪರೀಕ್ಷೆಗೆ ಓಡುವವರೇ ಹೆಚ್ಚು. ನಾವು ಅವಸರಪಡಲಿಲ್ಲ. ಬಂಡಿಗೆ ಹಿಂದೆ ಮುಂದೆ ಬಿಳಿ ಹಲಗೆಯ ಮೇಲೆ ಕೆಂಪು 'ಎಲ್' ಅಕ್ಷರ ಕಟ್ಟಿ, ಭಾನುವಾರಗಳಲ್ಲಿ ಶಾಲೆಯ ಮೈದಾನಕ್ಕೆ ಹೋಗುತ್ತಿದ್ದೆವು. ನಾನು ಯೌವನದಲ್ಲಿ ಕಲಿತದ್ದು ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿಯಲ್ಲಿ. ಅದರಲ್ಲಿ ಒದ್ದು ಚಾಲೂ ಮಾಡುವ ಸನ್ನೆಯೇ ಗೇರಿನ ಸನ್ನೆಯೂ ಹೌದು. ಈಗಿನವರು ನಂಬುವುದಿಲ್ಲ.

ಮೊದಲ ದಿನ ಎಂಜಿನ್ ಚಾಲೂ ಮಾಡಿಸಲಿಲ್ಲ. ಬಂಡಿಯನ್ನು ತಳ್ಳಿಕೊಂಡು ಮೈದಾನಕ್ಕೆ ಎರಡು ಸುತ್ತು ಬಂದು, ನಡುನಡುವೆ ಬ್ರೇಕು ಹಿಡಿದು ನಿಲ್ಲಿಸುವುದಷ್ಟೇ. ನೂರಕ್ಕೂ ಹೆಚ್ಚು ಕಿಲೋ ತೂಕದ ವಸ್ತುವೊಂದು ತನ್ನ ಕೈಯಲ್ಲಿದೆ ಎಂಬುದು ತೋಳಿಗೆ ಗೊತ್ತಾಗಬೇಕು. ಎರಡನೆಯ ವಾರ ಕ್ಲಚ್ಚು. ಅದನ್ನು ಬಿಡುತ್ತ ಬರುವಾಗ ಎಂಜಿನ್ನಿನ ಸದ್ದು ತುಸು ತಗ್ಗಿ, ಬಂಡಿ ಮುಂದಕ್ಕೆ ಎಳೆಯತೊಡಗುವ ಒಂದು ಬಿಂದುವಿದೆ. ಅಲ್ಲಿ ಬೆರಳು ನಿಲ್ಲಿಸಲು ಬಂದರೆ ಅರ್ಧ ವಿದ್ಯೆ ಬಂದಂತೆ. ಆಕೆಗೆ ಅದು ಬೇಗ ದಕ್ಕಿತು. ದಕ್ಕದೆ ಹೋದದ್ದು ನೋಟ. ಮೈದಾನದ ಅಂಚಿನಲ್ಲಿ ಧ್ವಜದ ಕಂಬವೊಂದಿದೆ. ಎಷ್ಟು ವಿಶಾಲ ಜಾಗವಿದ್ದರೂ ಬಂಡಿ ಆ ಕಂಬದ ಕಡೆಗೇ ಹೋಗುತ್ತಿತ್ತು. ಕಂಬಕ್ಕೆ ತಾಗೀತೆಂದು ಆಕೆ ಕಂಬವನ್ನೇ ನೋಡುತ್ತಿದ್ದಳು, ನೋಡಿದ ಕಡೆಗೆ ತೋಳು ಹೋಗುತ್ತದೆ, ತೋಳು ಹೋದ ಕಡೆಗೆ ಬಂಡಿ. "ಕಂಬ ಅಲ್ಲಿದೆಯೆಂದು ತಿಳಿದಿರಲಿ, ಆದರೆ ಕಣ್ಣು ನೀನು ಹೋಗಬೇಕಾದ ಜಾಗದ ಮೇಲಿರಲಿ ಮಗಾ" ಎಂದು ಎಷ್ಟು ಸಲ ಹೇಳಿದೆನೋ. ನಾಲ್ಕನೆಯ ಭಾನುವಾರ ಹೇಗೋ ಅದು ತಾನಾಗಿ ಬಂತು. ಆಮೇಲೆ 'ಎಂಟು' ಹಾಕುವುದು ಕಷ್ಟವಾಗಲಿಲ್ಲ.

ಮುಂದಿನ ಬ್ರೇಕನ್ನು ಮುಟ್ಟಬಾರದು, ಮುಟ್ಟಿದರೆ ಮಗುಚಿ ಬೀಳುತ್ತದೆ ಎಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ. ಇದು ತಪ್ಪು. ನಿಲ್ಲಿಸುವಾಗ ಭಾರವೆಲ್ಲ ಮುಂದಿನ ಚಕ್ರಕ್ಕೆ ಬರುವುದರಿಂದ ಬಂಡಿಯನ್ನು ನಿಲ್ಲಿಸುವ ಹೆಚ್ಚಿನ ಕೆಲಸ ಮುಂದಿನ ಬ್ರೇಕಿನದೇ. ಥಟ್ಟನೆ ಹಿಡಿಯಬಾರದು, ಹಣ್ಣು ಹಿಂಡುವಂತೆ ಮೆಲ್ಲನೆ ಬಿಗಿಸಬೇಕು; ಮುರಕಲ್ಲಿನ ಪುಡಿಯ ಮೇಲೆ, ತಿರುವಿನಲ್ಲಿ ಇನ್ನೂ ಮೆಲ್ಲನೆ. ಇದನ್ನು ಕಲಿಯುವಾಗಲೇ ಆಕೆ ಒಮ್ಮೆ ಬಿದ್ದಳು. ಮೊಣಕಾಲು ತರಚಿತು, ಇಂಡಿಕೇಟರ್ ಮುರಿಯಿತು. ಮನೆಯಲ್ಲಿ ತಾಯಿ ಗಾಯ ತೊಳೆಯುತ್ತ ಕೇಳಿದ್ದು ಒಂದೇ ಪ್ರಶ್ನೆ: "ಎದುರಿಗೆ ಯಾರಿದ್ದರು?" ಯಾರೂ ಇರಲಿಲ್ಲವೆಂದ ಮೇಲೆ ಅರಸಿನ ಹಚ್ಚಿದರು.

ಕೈಗವಸು ಕೊಳ್ಳಲು ಹೋದಾಗ ಅಂಗಡಿಯವರು ತೊಗಲಿನದನ್ನೇ ಮೊದಲು ತಂದರು. ಅದೇ ಗಟ್ಟಿಯೆಂದರು. ಗೆಣ್ಣಿಗೆ ಗಡಸು ಕವಚವಿರುವ ದಪ್ಪ ಬಟ್ಟೆಯವೂ ಸಿಗುತ್ತವೆ, ಅದನ್ನು ತೆಗೆದುಕೊಂಡೆವು. ಐಎಸ್‌ಐ ಗುರುತಿನ ಹೆಲ್ಮೆಟ್ಟು ಎರಡು. ವೇಲನ್ನು ಸೊಂಟಕ್ಕೆ ಬಿಗಿದು ಕಟ್ಟುವುದು ತಾಯಿಯ ನಿಯಮ.

ವೇಗದ ಮಾತಿಗೆ ಬಂದಾಗ ಕೆಲವು ಲೇಖಕರು ಮುನಿಗಳ ಈರ್ಯಾಸಮಿತಿಯನ್ನು ರಸ್ತೆಯ ನಿಯಮದೊಂದಿಗೆ ಸೇರಿಸುವುದುಂಟು. ನನಗೆ ಅದು ಸರಿಕಾಣದು. ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿ ಹೆಜ್ಜೆಯಿಡುವವರ ವ್ರತ ಅದು. ಗಂಟೆಗೆ ಐವತ್ತು ಕಿಲೋಮೀಟರ್ ವೇಗದಲ್ಲಿ ಬಂಡಿ ಒಂದು ಸೆಕೆಂಡಿನಲ್ಲಿ ಸುಮಾರು ಹದಿನಾಲ್ಕು ಮೀಟರ್ ಹೋಗುತ್ತದೆ. ನಾಲ್ಕು ಮೊಳ ಕಣ್ಣು ಮಿಟುಕಿಸುವುದರೊಳಗೆ ಹಿಂದೆ ಬೀಳುತ್ತದೆ. ಮನಸ್ಸಿಗೆ ಅಪಾಯ ತಿಳಿದು ಕೈ ಬ್ರೇಕಿಗೆ ಹೋಗುವಷ್ಟರಲ್ಲಿ ಒಂದು ಮನೆಯ ಅಂಗಳದಷ್ಟು ದೂರ ಸಾಗಿರುತ್ತದೆ. ವೇಗ ಇಮ್ಮಡಿಯಾದರೆ ಬ್ರೇಕು ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ನಾಲ್ಮಡಿ. ಗೃಹಸ್ಥನಿಗೆ ಇರುವ ದಾರಿ ಒಂದೇ: ತನ್ನ ಕಣ್ಣಿಗೆ ಎಷ್ಟು ದೂರ ಕಾಣುವುದೋ ಅಷ್ಟರೊಳಗೆ ನಿಲ್ಲಿಸಬಹುದಾದ ವೇಗ. ತಿರುವಿನಲ್ಲಿ ಹತ್ತು ಮೀಟರ್ ಕಂಡರೆ ಹತ್ತು ಮೀಟರಿನ ವೇಗ. 2022ರಲ್ಲಿ ದೇಶದ ರಸ್ತೆಗಳಲ್ಲಿ ಮಡಿದವರು 1,68,491 ಮಂದಿ. ಅವರಲ್ಲಿ ನೂರಕ್ಕೆ ನಲವತ್ತನಾಲ್ಕಕ್ಕೂ ಹೆಚ್ಚು ಜನ ದ್ವಿಚಕ್ರ ವಾಹನದವರು. ಹೆಚ್ಚುಕಡಿಮೆ ಐದರಲ್ಲೊಂದು ಪಾಲು ಪಾದಚಾರಿಗಳು.

ನಮ್ಮ ಮನೆಯಲ್ಲಿ ಚರ್ಚೆಗೆ ಕಾರಣವಾದುದು ಮಾತ್ರ ಬೇರೊಂದು. ಬೈಕು ಬಂದುದೇ ಸೂರ್ಯಾಸ್ತಕ್ಕೆ ಮೊದಲು ಊಟ ಮಾಡಲೆಂದು. ಹಾಗಿದ್ದ ಮೇಲೆ ತಡವಾದ ದಿನ ಸೂರ್ಯನೊಂದಿಗೆ ಪಂದ್ಯ ಕಟ್ಟುವ ಆಸೆ ಹುಟ್ಟದೆ ಇದ್ದೀತೆ? ನಿಯಮ ಪಾಲಿಸುವ ಅವಸರದಲ್ಲಿ ಮಕ್ಕಳು ಆಡುವ ರಸ್ತೆಯಲ್ಲಿ ಅರವತ್ತು ಕಿಲೋಮೀಟರಿನಲ್ಲಿ ಹೋದರೆ ಪಾಲಿಸಿದ್ದು ಯಾವ ನಿಯಮ? ಇದನ್ನು ನಾನು ಎತ್ತಬೇಕಾಗಿ ಬರಲಿಲ್ಲ. ಪರವಾನಗಿ ಬಂದ 2025ರ ಫೆಬ್ರುವರಿಯಲ್ಲಿ ತಾಯಿಯೇ ಬೆಳಿಗ್ಗೆ ಎರಡು ಡಬ್ಬಿ ಕಟ್ಟಲಾರಂಭಿಸಿದರು. ಒಂದು ಮಧ್ಯಾಹ್ನಕ್ಕೆ, ಇನ್ನೊಂದು ತಡವಾಗುವಂತಿದ್ದರೆ ಐದು ಗಂಟೆಗೆ ಕಚೇರಿಯಲ್ಲೇ ಉಣ್ಣಲು. ಹೆಚ್ಚಿನ ದಿನ ಎರಡನೆಯ ಡಬ್ಬಿ ಹಾಗೇ ಮರಳುತ್ತದೆ. ಕಟ್ಟುವುದನ್ನು ಅವರು ಬಿಟ್ಟಿಲ್ಲ.

2025ರ ಮಳೆಗಾಲದಲ್ಲಿ ಆಕೆ ಬಸ್ಸಿನಲ್ಲೇ ಹೋಗಿಬಂದಳು. ನಮ್ಮ ಕಡೆಯ ಮಳೆಯನ್ನು ಬಲ್ಲವರಿಗೆ ಕಾರಣ ಹೇಳಬೇಕಾಗಿಲ್ಲ. ಮೊದಲ ಮಳೆಗೆ ಡಾಮರಿನ ಮೇಲಿನ ಧೂಳು, ಎಣ್ಣೆಯ ಪಸೆ ತೇಲಿ ರಸ್ತೆ ಜಾರುತ್ತದೆ. ಹೆಲ್ಮೆಟ್ಟಿನ ಗಾಜಿನ ಒಳಮುಖಕ್ಕೆ ಉಸಿರಿನ ಮಂಜು ಕಟ್ಟಿ ದಾರಿ ಮಸುಕಾಗುತ್ತದೆ. ಮುಂದಿನ ಮಳೆಗಾಲಕ್ಕೆ ತಾನು ಬೈಕಿನಲ್ಲೇ ಹೋಗುವೆನೆಂದು ಆಕೆ ಹೇಳುತ್ತಿದ್ದಾಳೆ. ಹೊಸ ಟಯರು ಹಾಕಿಸಿದ್ದಾಳೆ, ಮಳೆಯಂಗಿಯನ್ನೂ ಕೊಂಡಿದ್ದಾಳೆ. ಇನ್ನೊಂದು ವರ್ಷ ಬಸ್ಸೇ ಇರಲಿ ಎಂದು ನಾನು. ಅವರ ತಾಯಿ ಇಬ್ಬರ ಮಾತನ್ನೂ ಕೇಳುತ್ತಾರೆ, ಇನ್ನೂ ಏನೂ ಹೇಳಿಲ್ಲ.