ಬಾಯಿಲ್ಲದ ಅತಿಥಿ

ಮಳೆಗಾಲದ ರಾತ್ರಿ ಮಲೆನಾಡಿನ ಮನೆಯ ಜಗಲಿಗೆ ಬರುವ ಅತಿಥಿಗಳಲ್ಲಿ ಅಟ್ಲಾಸ್ ಪತಂಗದಷ್ಟು ಬೆರಗು ಹುಟ್ಟಿಸುವುದು ಇನ್ನೊಂದಿಲ್ಲ. ರೆಕ್ಕೆ ಬಿಚ್ಚಿದರೆ ಹೆಚ್ಚುಕಡಿಮೆ ಒಂದು ಗೇಣು. ಮಕ್ಕಳು ಚಿಟ್ಟೆ ಎಂದು ಕೂಗುತ್ತಾರೆ. ಹಿರಿಯರು ರೆಕ್ಕೆಯ ತುದಿಯಲ್ಲಿ ಹಾವಿನ ತಲೆ ಕಂಡು ಹಿಂದೆ ಸರಿಯುತ್ತಾರೆ. ಎರಡೂ ಅಲ್ಲ. ಚಿಟ್ಟೆಯ ಮೀಸೆ ತುದಿಯಲ್ಲಿ ದಪ್ಪಗಿದ್ದರೆ, ಇದರದು ಹಕ್ಕಿಯ ಗರಿಯಂತೆ. ಕೆಂಗಂದು ರೆಕ್ಕೆಗಳಲ್ಲಿ ಒಂದೊಂದು ದೊಡ್ಡ ತ್ರಿಕೋನ ಕಿಟಕಿ. ಅಲ್ಲಿ ಹುರುಪೆಗಳಿಲ್ಲದ್ದರಿಂದ ಬೆಳಕು ಆಚೆ ಹಾಯುತ್ತದೆ.

ಇದರಲ್ಲೂ ಒಳಪಂಗಡಗಳುಂಟು. ಲಿನೀಯಸ್ 1758ರಲ್ಲಿ ಹೆಸರಿಸಿದ ಅಟ್ಟಾಕಸ್ ಅಟ್ಲಾಸ್ ಹಿಮಾಲಯದ ತಪ್ಪಲು, ಈಶಾನ್ಯ ಭಾರತ ಮತ್ತು ಆಗ್ನೇಯ ಏಷ್ಯಾದ ಕಾಡುಗಳದ್ದು. ದಕ್ಷಿಣ ಭಾರತ ಹಾಗೂ ಶ್ರೀಲಂಕಾದಲ್ಲಿರುವ ಬಂಧುವನ್ನು ತಜ್ಞರು ಅಟ್ಟಾಕಸ್ ಟ್ಯಾಪ್ರೊಬಾನಿಸ್ ಎಂದು ಬೇರೆಯಾಗಿ ಗುರುತಿಸುತ್ತಾರೆ. ಟ್ಯಾಪ್ರೊಬಾನೆ ಎಂಬುದು ಶ್ರೀಲಂಕಾಕ್ಕೆ ಪ್ರಾಚೀನ ಗ್ರೀಕರು ಇಟ್ಟಿದ್ದ ಹೆಸರು. ನಮ್ಮ ಪಶ್ಚಿಮ ಘಟ್ಟದ ಜಗಲಿಗಳಿಗೆ ಬರುವುದು ಇದೇ.

ಇಷ್ಟು ದೊಡ್ಡ ಜೀವಕ್ಕೆ ಉಣ್ಣಲು ಬಾಯಿಲ್ಲ! ಹುಳುವಾಗಿದ್ದಾಗ ದಾಲ್ಚಿನ್ನಿಯಂಥ ಗಿಡಗಳ ಎಲೆ ಮೇದು ಕೂಡಿಟ್ಟ ಕೊಬ್ಬೇ ಬುತ್ತಿ. ಅದು ಒಂದೆರಡು ವಾರಗಳಲ್ಲಿ ಮುಗಿಯುತ್ತದೆ. ಅಷ್ಟರೊಳಗೆ, ಹೆಣ್ಣು ಕತ್ತಲಲ್ಲಿ ಸೂಸುವ ವಾಸನೆಯ ಜಾಡು ಹಿಡಿದು ಗಂಡು ಬರಬೇಕು. ಹೆಣ್ಣು ಮೊಟ್ಟೆ ಇಡಬೇಕು. ದೀಪಕ್ಕೆ ಮರುಳಾಗಿ ಗೋಡೆಗಂಟಿ ಕುಳಿತ ರಾತ್ರಿ, ಎಣಿಸಿ ಕೊಟ್ಟ ಆ ಆಯುಷ್ಯದಲ್ಲಿ ವ್ಯರ್ಥವಾದ ರಾತ್ರಿ. ಹಿಡಿದು ದೂರ ಬಿಡುವ ಉಪಕಾರವೂ ಬೇಡ, ಮುಟ್ಟಿದರೆ ರೆಕ್ಕೆಯ ಹುರುಪೆ ಉದುರುತ್ತದೆ. ಈ ಅತಿಥಿಗೆ ಬಡಿಸಬೇಕಾದದ್ದು ಏನೂ ಇಲ್ಲ. ಮನೆಯವರ ಊಟವಾದ ಮೇಲೆ ಜಗಲಿಯ ದೀಪ ಆರಿಸಿದರೆ ಸಾಕು.