ಹೆಸರು ನಾಲ್ಕು, ಹಡಗು ಒಂದು

ಮಂಗಳೂರಿನ ಹಳೆಯ ಬಂದರಿನ ಧಕ್ಕೆಯ ಮೇಲೆ ನಿಂತವರಿಗೆ, ನೇತ್ರಾವತಿ ಮತ್ತು ಗುರುಪುರ ನದಿಗಳು ಕೂಡಿ ಕಡಲಿಗಿಳಿಯುವ ಅಳಿವೆ ಕಾಣುವುದು. ತರಕಾರಿ, ಜಲ್ಲಿ, ಸಿಮೆಂಟುಗಳನ್ನು ಹೇರಿಕೊಂಡ ಮಂಜಿಗಳು ಈ ಅಳಿವೆಯನ್ನು ದಾಟಿಯೇ ಲಕ್ಷದ್ವೀಪಕ್ಕೆ ಸಾಗುತ್ತವೆ. ಆ ದ್ವೀಪಗಳ ಪೈಕಿ ಅಮೀನಿದಿವಿ ಗುಂಪು 1956ರವರೆಗೂ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದಿತು. ಇಂದು ಶಾಂತವಾಗಿ ತೋರುವ ಈ ಅರಬ್ಬೀ ಸಮುದ್ರವು 1917ರಲ್ಲಿ ಒಂದು ಹಡಗಿನ ವಿಚಿತ್ರ ವಿಧಿಯನ್ನು ಕಂಡಿತು.

ಬ್ರೆಮೆನ್ ನಗರದ ಹಾನ್ಸಾ ಕಂಪೆನಿಗೆ ಸೇರಿದ 'ಗುಟೆನ್‌ಫೆಲ್ಸ್' ಸರಕು ಸಾಗಿಸುವ ಉಗಿಹಡಗು. 1914ರಲ್ಲಿ ಮಹಾಯುದ್ಧವು ಹೊತ್ತಿಕೊಂಡಾಗ ಅದು ಈಜಿಪ್ಟಿನ ಬಂದರಿನಲ್ಲಿ ಆಂಗ್ಲರ ಕೈವಶವಾಯಿತು. ಮೊದಲು 'ಪೊಲಾವನ್' ಎಂದು ಹೆಸರಾಯಿತು. ಅನಂತರ ತೈಲ ಸಾಗಿಸುವ ನೌಕೆಯಾಗಿ ಮಾರ್ಪಟ್ಟು, ಸುರುಳಿ ಶಂಖವೊಂದರ ಹೆಸರನ್ನು ಹೊತ್ತು 'ಟರಿಟೆಲ್ಲಾ' ಎನಿಸಿತು.

ಇತ್ತ ಅದೇ ಹಾನ್ಸಾ ಕಂಪೆನಿಯ 'ವಾಕ್ಟ್‌ಫೆಲ್ಸ್' ಎಂಬ ಹಡಗನ್ನು ಜರ್ಮನ್ ನೌಕಾದಳವು 'ವೋಲ್ಫ್', ಎಂದರೆ ತೋಳ, ಎಂದು ಕರೆದು ಯುದ್ಧಕ್ಕೆ ಸಜ್ಜುಗೊಳಿಸಿತ್ತು. ಹೊರನೋಟಕ್ಕೆ ಬಡ ವರ್ತಕನ ಹಡಗು; ಮರೆಯಲ್ಲಿ ತೋಪುಗಳು, ಒಂದು ಪುಟ್ಟ ವಿಮಾನ, ತಾಗಿದೊಡನೆ ಸಿಡಿಯುವ ನೂರಾರು ಮೈನುಗಳು. ಕ್ಯಾಪ್ಟನ್ ನೆರ್ಗರ್ ಅವುಗಳನ್ನು ಕೊಲಂಬೊ, ಮುಂಬಯಿ ಬಂದರುಗಳ ಹೊರಗೆ ಬಿತ್ತಿ ಬಂದಿದ್ದನು.

1917ರ ಫೆಬ್ರವರಿ 27ರಂದು ಈ ತೋಳಕ್ಕೆ ಸಿಕ್ಕಿಬಿದ್ದುದು ತನ್ನ ಒಡಹುಟ್ಟಿನಂತಹ ಟರಿಟೆಲ್ಲಾ! ಹಡಗಿಗೆ ಮತ್ತೊಮ್ಮೆ ಜರ್ಮನ್ ಬಾವುಟವೇರಿತು. 'ಇಲ್ಟಿಸ್' ಎಂಬ ನಾಲ್ಕನೆಯ ಹೆಸರು ಬಂದಿತು. ಇಪ್ಪತ್ತೈದು ಮೈನುಗಳನ್ನು ಹೇರಿ, ಬ್ರಾಂಡೆಸ್ ಎಂಬ ಅಧಿಕಾರಿಯ ಕೈಗೆ ಒಪ್ಪಿಸಿ, ಏಡನ್ನಿನ ಕಡೆಗೆ ಅಟ್ಟಿದರು. ಅದರಲ್ಲಿ ದುಡಿಯುತ್ತಿದ್ದ ಚೀನೀ ನಾವಿಕರು ಹಾಗೆಯೇ ಉಳಿದರು. ನಿನ್ನೆ ಆಂಗ್ಲರಿಗಾಗಿ ಬೆವರು ಸುರಿಸಿದವರು ಇಂದು ಜರ್ಮನರಿಗಾಗಿ ದುಡಿಯಬೇಕಾಯಿತು. ಯುದ್ಧವು ಅವರದಲ್ಲ, ಆದರೆ ಮೈನು ಸಿಡಿದರೆ ಹೋಗುವ ಪ್ರಾಣ ಅವರದೂ ಹೌದು.

ಏಡನ್ನಿನ ಬಳಿ ಮೈನುಗಳನ್ನಿಳಿಸಿದ ಇಲ್ಟಿಸ್ ಮಾರ್ಚ್ 5ರಂದು 'ಓಡಿನ್' ಎಂಬ ಆಂಗ್ಲ ಕಾವಲುನೌಕೆಯ ಕಣ್ಣಿಗೆ ಬಿದ್ದಿತು. ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಬರಲಿಲ್ಲ; ಓಡಿನ್ ಬೆನ್ನು ಬಿಡಲಿಲ್ಲ. ತಪ್ಪಿಸಿಕೊಳ್ಳುವ ಬಗೆ ಕಾಣದೆ ಬ್ರಾಂಡೆಸ್ ತನ್ನ ಹಡಗನ್ನು ತಾನೇ ಸಿಡಿಸಿ ಮುಳುಗಿಸಿ ಸೆರೆಯಾದನು. ಇಲ್ಟಿಸ್‌ನ ನೌಕಾಸೇವೆ ಒಂದು ವಾರವನ್ನೂ ತುಂಬಲಿಲ್ಲ.

ಬಿತ್ತಿದ ಮೈನುಗಳಿಗೆ ಮಾತ್ರ ಆಯುಷ್ಯ ಹೆಚ್ಚು. ಮುಂಬಯಿಯ ಹೊರಗೆ 'ಮಂಗೋಲಿಯಾ' ಎಂಬ ಪ್ರಯಾಣಿಕರ ಹಡಗು ವೋಲ್ಫಿನ ಮೈನಿಗೆ ಬಲಿಯಾದುದು ಜೂನ್ 23ರಂದು, ನಾಲ್ಕು ತಿಂಗಳ ಮೇಲೆ. ಆ ವೇಳೆಗೆ ತೋಳವು ಬಹುದೂರ ಸಾಗಿದ್ದಿತು. 1918ರ ಫೆಬ್ರವರಿಯಲ್ಲಿ ಅದು ಸುರಕ್ಷಿತವಾಗಿ ಕೀಲ್ ಬಂದರಿಗೆ ಮರಳಿತು.

ಸಂಜೆಯ ಹೊತ್ತಿಗೆ ಮಂಗಳೂರಿನ ಧಕ್ಕೆಯಿಂದ ಮಂಜಿಯೊಂದು ಹಗ್ಗ ಬಿಚ್ಚುತ್ತದೆ. ಅದರ ಮುಂದಿರುವುದೂ ಅದೇ ಕಡಲು. ಅಂದು ನಾಲ್ಕು ಹೆಸರುಗಳನ್ನು ಹೊತ್ತು ತಿರುಗಿದ ಹಡಗು ಏಡನ್ನಿನಾಚೆ ತಳದಲ್ಲಿದೆ. ಅಲ್ಲಿ ಅದಕ್ಕೆ ಯಾವ ಬಾವುಟದ ಹಂಗೂ ಇಲ್ಲ.