ಪರರ ಸಾಲನ್ನು ಪರಿಶೀಲಿಸುವಾಗ
ಗಣಕಯಂತ್ರಕ್ಕೂ ಅದಕ್ಕೆ ಜೋಡಿಸಿದ ಉಪಕರಣಕ್ಕೂ ನಡುವೆ ನಿಂತು ಮಾತು ಮುಟ್ಟಿಸುವ ದುಭಾಷಿಯೇ ಡ್ರೈವರ್. ಲಿನಕ್ಸ್‌ನಲ್ಲಿ ಇದು ಅನೇಕರು ಕೂಡಿ ಬರೆಯುವ ಬರಹ. ಪರರ ತಿದ್ದುಪಡಿಗಳನ್ನು ಪರಿಶೀಲಿಸುವುದು ನನ್ನ ಉದ್ಯೋಗದ ಒಂದು ಭಾಗ. ಬರವಣಿಗೆಯ ರೀತಿಯೂ ಅಲ್ಲಿ ಗೊತ್ತುಪಡಿಸಿದ್ದೇ: ಪ್ರತಿ ಒಳಸರಿಕೆಯೂ 8 ಅಕ್ಷರದಷ್ಟು, ಸಾಲು ಆದಷ್ಟೂ 80ರೊಳಗೆ. ತಪಾಸಣೆಯ ಸಾಧನವು 2020ರಲ್ಲಿ ಈ ಮಿತಿಯನ್ನು 100ಕ್ಕೆ ಸಡಿಲಿಸಿತು. ನನ್ನ ಕಣ್ಣಿಗೆ ಹಳೆಯದೇ ಹಿತ.

ಒಮ್ಮೆ ತರುಣನೊಬ್ಬನು ನೆಟ್‌ವರ್ಕ್ ಕಾರ್ಡಿನ ಡ್ರೈವರಿನಲ್ಲಿ ಮುನ್ನೂರರಷ್ಟು ಸಾಲುಗಳ ಒಳಸರಿಕೆಯನ್ನು ನೇರ್ಪಡಿಸಿ ಕಳುಹಿಸಿದನು. ಅವುಗಳ ನಡುವೆ, ದೋಷ ಸಂಭವಿಸಿದಾಗ ಪಡೆದುದನ್ನು ಹಿಂದಿರುಗಿಸುವ ಎರಡು ಸಾಲುಗಳು ಸ್ಥಳ ಬದಲಿಸಿದ್ದವು. ಪಡೆದ ಕ್ರಮಕ್ಕೆ ವಿಲೋಮವಾಗಿ ಬಿಡುವುದು ಅಲ್ಲಿಯ ಪದ್ಧತಿ. ಇಂಟರಪ್ಟನ್ನು ಬಿಡುವ ಮೊದಲೇ ಮೆಮೊರಿಯನ್ನು ಬಿಟ್ಟುಕೊಟ್ಟರೆ, ಆ ಕ್ಷಣದಲ್ಲಿ ಕಾರ್ಡು ಕರೆದಾಗ ಡ್ರೈವರು ತನ್ನದಲ್ಲದ ಮೆಮೊರಿಗೆ ಕೈಹಾಕುತ್ತದೆ. ಎಲ್ಲಿಯೋ ಯಾರದೋ ಯಂತ್ರ ನಿಂತುಹೋಗಬಹುದು. ಅಂದಗೊಳಿಸಿದ ಸಾಲುಗಳ ಗದ್ದಲದಲ್ಲಿ ಅದು ಕಾಣುವುದೇ ದುಸ್ತರ.

ಆತನಲ್ಲಿ ಕಪಟವಿರಲಿಲ್ಲ. ಅಂದದ ತಿದ್ದುಪಡಿಯನ್ನೂ ನಡೆಯ ತಿದ್ದುಪಡಿಯನ್ನೂ ಬೇರೆ ಬೇರೆಯಾಗಿ ಕಳುಹಿಸಬೇಕೆಂದು ಬರೆದು, ಆ ಎರಡು ಸಾಲುಗಳ ಅಪಾಯವನ್ನು ವಿವರಿಸಿದೆನು. ಆವರಣಚಿಹ್ನೆಗಳ ಸ್ಥಾನ, ಹೆಸರುಗಳ ಉದ್ದ ಮೊದಲಾದ ನನ್ನ ಅಭಿರುಚಿಯ ಆಕ್ಷೇಪಗಳು ಇನ್ನೂ ಹತ್ತಿದ್ದವು, ಅವನ್ನು ಬರೆಯಲಿಲ್ಲ. ಹೊಸಬನು ಹತ್ತು ಕೊಂಕುಗಳ ನಡುವೆ ಮುಖ್ಯವಾದುದನ್ನು ಹೇಗೆ ಗುರುತಿಸಿಯಾನು? ಮೂರನೆಯ ದಿನ ಒಳಸರಿಕೆಯ ತಿದ್ದುಪಡಿಯೊಂದೇ ಬಂದಿತು. ಆ ಎರಡು ಸಾಲುಗಳು ತಮ್ಮ ಮೊದಲಿನ ಸ್ಥಾನದಲ್ಲಿಯೇ ಇದ್ದವು.